ನಿಮ್ಮ ಅಡ್ಜೆಕ್ಟಿವ್ ಲೇಖನವನ್ನು ಯಾಕೆ ವಾಪಸ್ ಕಳಿಸುತ್ತಿದ್ದೇನೆ

ನಮಸ್ಕಾರ.

ಬಾಗಲಕೋಟೆಯಿಂದ ನೀವು ಕಳಿಸಿದ ಇಂಗ್ಲಿಷ್ ಅಡ್ಜೆಕ್ಟಿವ್ (ಗುಣವಾಚಕ) ಕುರಿತ ಲೇಖನ ಓದಿದೆ. ಕನ್ನಡ ಮಾಧ್ಯಮದ ಹತ್ತನೇ ತರಗತಿ ಮಕ್ಕಳಿಗಾಗಿ ಬರೆದದ್ದು ಎಂದಿದ್ದೀರಿ. ಭಾಷೆ ತಿಳಿಯಾಗಿದೆ, ಮಕ್ಕಳ ಮೇಲಿನ ಕಾಳಜಿಯೂ ಕಾಣುತ್ತದೆ. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ.

ಮೊದಲ ಎರಡು ಪುಟ ಬರೀ ವ್ಯಾಖ್ಯೆ, ವಿಧಗಳ ಪಟ್ಟಿ. ಅದು ಎಲ್ಲ ಗೈಡ್‌ಗಳಲ್ಲೂ ಸಿಗುತ್ತದೆ. ‘ಟಾಲ್’, ‘ರೆಡ್’ ಏನು ಕೆಲಸ ಮಾಡುತ್ತವೆ ಅಂತ ಆ ಮಕ್ಕಳಿಗೆ ಆಗಲೇ ಗೊತ್ತು. ಅವರು ಎಡವುವುದು ಅಡ್ಜೆಕ್ಟಿವ್ ಫ್ರೇಸ್‌ನಲ್ಲಿ, ಅಂದರೆ ಅಡ್ಜೆಕ್ಟಿವ್ ಮತ್ತು ಅದಕ್ಕೆ ಅಂಟಿಕೊಂಡ ಪದಗಳ ಗುಂಪಿನಲ್ಲಿ. ಅದಕ್ಕೆ ನೀವು ಕೊಟ್ಟಿರುವುದು ಕೊನೆಯ ನಾಲ್ಕು ಸಾಲು, ಅಷ್ಟೇ.

ಕನ್ನಡದಲ್ಲಿ ಬಣ್ಣಿಸುವ ಮಾತು ಎಷ್ಟೇ ಉದ್ದವಿರಲಿ, ನಾಮಪದಕ್ಕಿಂತ ಮೊದಲೇ ಬರುತ್ತದೆ. ‘ದೊಡ್ಡ ಡ್ಯಾಮು’, ‘ನೀರು ತುಂಬಿದ ಡ್ಯಾಮು’, ಎರಡಕ್ಕೂ ಒಂದೇ ಜಾಗ. ಇಂಗ್ಲಿಷ್‌ನಲ್ಲಿ ಹಾಗಲ್ಲ. ‘ಎ ಬಿಗ್ ಡ್ಯಾಮ್’ ಸರಿ. ‘ಎ ವೆರಿ ಬಿಗ್ ಡ್ಯಾಮ್’ ಕೂಡ ಸರಿ. ಆದರೆ ಅಡ್ಜೆಕ್ಟಿವ್‌ಗೆ ‘ಆಫ್ ವಾಟರ್’ ತರಹದ ಬಾಲ ಸೇರಿತು ಅನ್ನಿ, ಸಾಮಾನ್ಯವಾಗಿ ಇಡೀ ಫ್ರೇಸ್ ನಾಮಪದದ ಆಚೆಗೆ ಹೋಗುತ್ತದೆ: ‘ಎ ಡ್ಯಾಮ್ ಫುಲ್ ಆಫ್ ವಾಟರ್’. ನಮ್ಮ ಹುಡುಗರು ‘ಎ ಫುಲ್ ಆಫ್ ವಾಟರ್ ಡ್ಯಾಮ್’ ಎಂದು ಬರೆಯುವುದು ದಡ್ಡತನದಿಂದಲ್ಲ. ಮನೆಮಾತಿನ ಕ್ರಮವನ್ನೇ ಅವರು ನಂಬಿಕೆಯಿಂದ ಅನುಸರಿಸುತ್ತಿದ್ದಾರೆ. ಇದನ್ನು ಕನ್ನಡ ಬಲ್ಲವರೇ ಬಿಡಿಸಿ ಹೇಳಬೇಕು, ಅಲ್ವಾ? ನಿಮ್ಮ ಲೇಖನ ಇಲ್ಲಿಂದಲೇ ಶುರುವಾಗಲಿ.

ಇದರ ಜೊತೆಗೇ, ಒಂಟಿಯಾಗಿದ್ದರೂ ಸಾಮಾನ್ಯವಾಗಿ ನಾಮಪದಕ್ಕಿಂತ ಮೊದಲು ಬಾರದ ‘ಅಸ್ಲೀಪ್’, ‘ಅಫ್ರೇಡ್’, ‘ಅಲೈವ್’ ತನ್ನಿ. ‘ದಿ ಚೈಲ್ಡ್ ಈಸ್ ಅಸ್ಲೀಪ್’ ಅನ್ನಬಹುದು. ‘ಆ್ಯನ್ ಅಸ್ಲೀಪ್ ಚೈಲ್ಡ್’ ಅನ್ನುವಂತಿಲ್ಲ, ಅಲ್ಲಿ ‘ಸ್ಲೀಪಿಂಗ್’ ಬೇಕು.

ಒಂದು ಕಡೆ ನೀವೇ ಗೊಂದಲ ಮಾಡಿದ್ದೀರಿ. ಅಡ್ಜೆಕ್ಟಿವ್ ಫ್ರೇಸ್‌ಗೆ ಅಡ್ಜೆಕ್ಟಿವೇ ತಲೆ (ಮುಖ್ಯ ಪದ) ಎಂದು ಹೇಳಿ, ಉದಾಹರಣೆಗೆ ‘ದಿ ಗರ್ಲ್ ವಿತ್ ಎ ರೆಡ್ ಬ್ಯಾಗ್’ ಕೊಟ್ಟಿದ್ದೀರಿ. ಅಲ್ಲಿ ‘ವಿತ್ ಎ ರೆಡ್ ಬ್ಯಾಗ್’ ಎಂಬ ಗುಂಪಿಗೆ ತಲೆ ‘ವಿತ್’, ಅದು ಪ್ರಿಪೊಸಿಷನ್. ಈಗಿನ ವ್ಯಾಕರಣ ಅದನ್ನು ಪ್ರಿಪೊಸಿಷನ್ ಫ್ರೇಸ್ ಅನ್ನುತ್ತದೆ. ಹಳೆಯ ಶಾಲಾ ವ್ಯಾಕರಣಗಳು ಅದು ಮಾಡುವ ಕೆಲಸ ನೋಡಿ ಅಡ್ಜೆಕ್ಟಿವ್ ಫ್ರೇಸ್ ಅಂದವು. ಎರಡೂ ಬಳಕೆ ಇವೆ ಎಂದು ಒಂದೇ ಸಾಲಿನಲ್ಲಿ ಹೇಳಿಬಿಡಿ. ಇಲ್ಲದಿದ್ದರೆ ಜಾಣ ವಿದ್ಯಾರ್ಥಿಗೇ ಜಾಸ್ತಿ ಗೊಂದಲ.

ಉದಾಹರಣೆಗಳ ಬಗ್ಗೆಯೂ ಒಂದು ಮಾತು. ಹಿಮದ ಬೆಟ್ಟ, ಪೈನ್ ಮರ ಯಾಕೆ? ಆಲಮಟ್ಟಿ ನಿಮ್ಮ ಪಕ್ಕದಲ್ಲೇ ಇದೆ. ಇಳಕಲ್ ನಿಮ್ಮದೇ ಜಿಲ್ಲೆ. ‘ಎ ನೈಸ್ ಓಲ್ಡ್ ರೆಡ್ ಇಳಕಲ್ ಸ್ಯಾರಿ’ ಎಂದು ಬರೆಯಿರಿ. ಅಭಿಪ್ರಾಯ, ವಯಸ್ಸು, ಬಣ್ಣ, ಊರು, ಈ ಕ್ರಮ ಅದರಲ್ಲೇ ಸಿಗುತ್ತದೆ. ‘ರೆಡ್ ಓಲ್ಡ್ ನೈಸ್’ ಎಂದರೆ ಇಂಗ್ಲಿಷ್ ಕಿವಿಗೆ ಒಗ್ಗುವುದಿಲ್ಲ.

‘ಟಾಲರ್’, ‘ಟಾಲೆಸ್ಟ್’ ಭಾಗ ಪೂರ್ತಿ ತೆಗೆಯಿರಿ. ಅದು ಇನ್ನೊಂದು ಲೇಖನವಾಗುತ್ತದೆ, ಅದನ್ನೂ ನೀವೇ ಬರೆದುಕೊಡಿ. ಇದನ್ನು ತಿದ್ದಿ ಕಳಿಸಿದರೆ ಮೊದಲು ನಿಮ್ಮದನ್ನೇ ಓದುತ್ತೇನೆ.