ಲೋಳೆಸರದ ಮಜ್ಜಿಗೆ ಕಹಿಯಾಗಿ ಹೊಟ್ಟೆ ನುಲಿದದ್ದಕ್ಕೆ

ನೀವು ಮಾಡಿದ ಲೋಳೆಸರದ ಮಜ್ಜಿಗೆ ಯಾಕೆ ಹೀಗಾಯ್ತು ಅಂತ ಕೇಳಿದ್ದೀರಿ. ಅದರ ಕಹಿಗೂ, ಕುಡಿದ ಮೇಲೆ ಹೊಟ್ಟೆ ನುಲಿದು ಎರಡು ಸಲ ಓಡಬೇಕಾಗಿ ಬಂದದ್ದಕ್ಕೂ ಕಾರಣ ಬಹುಶಃ ಒಂದೇ: ಎಲೆಯ ಸಿಪ್ಪೆಯ ಒಳಮೈಗೆ ಅಂಟಿರುವ ಹಳದಿ ಸೊನೆ. ಅದರಲ್ಲಿರುವ ಅಲೋಯಿನ್ ಎಂಬ ಕಹಿ ಅಂಶ ಭೇದಿ ಮಾಡಿಸುತ್ತದೆ. ಎಲೆ ಕೊಯ್ದ ಕೂಡಲೇ ಹೆರೆದು ಮಿಕ್ಸಿಗೆ ಹಾಕಿದೆ ಅಂದಿದ್ದೀರಲ್ಲ, ಎಡವಟ್ಟಾಗಿರೋದು ಅಲ್ಲೇ. ಇನ್ನು ಬೆಲ್ಲ ಸುರಿದರೂ ಪ್ರಯೋಜನವಿಲ್ಲ, ಉಳಿದದ್ದನ್ನು ಚೆಲ್ಲಿಬಿಡಿ.

ಮುಂದಿನ ಸಲ ಬುಡದ ಕಡೆಯ ದಪ್ಪ ಎಲೆಯೊಂದನ್ನು ಕೊಯ್ದು, ಕೊಯ್ದ ಬದಿ ಕೆಳಗಾಗುವಂತೆ ಲೋಟದಲ್ಲಿ ಅರ್ಧ ಗಂಟೆಯಾದರೂ ನಿಲ್ಲಿಸಿ. ಸೊನೆ ಇಳಿಯುತ್ತದೆ. ಅಂಚಿನ ಮುಳ್ಳು ತೆಗೆದು, ಸಿಪ್ಪೆಯನ್ನು ಸ್ವಲ್ಪ ದಪ್ಪಕ್ಕೇ ಹೆರೆಯಿರಿ, ಜಿಪುಣತನ ಬೇಡ. ಹಸಿರು, ಹಳದಿ ಎಲ್ಲೂ ಉಳಿಯಬಾರದು. ತಿಳಿ ಲೋಳೆಯನ್ನು ತುಂಡು ಮಾಡಿ ಮೂರ್ನಾಲ್ಕು ಸಲ ನೀರು ಬದಲಿಸಿ ತೊಳೆದು, ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿಯಿದ್ದರೆ ಮತ್ತೆ ತೊಳೆಯಿರಿ. ಎರಡು ಚಮಚ ಲೋಳೆಗೆ ಒಂದು ಲೋಟ ನೀರು ಮಜ್ಜಿಗೆ, ಉಪ್ಪು, ಚೂರು ಶುಂಠಿ, ಕೊತ್ತಂಬರಿ ಸೊಪ್ಪು. ಮಿಕ್ಸಿಯಲ್ಲಿ ಒಂದೆರಡು ಸುತ್ತು ಸಾಕು, ಹೆಚ್ಚಾದರೆ ಬರೀ ನೊರೆ. ಆಗಲೇ ಕುಡಿಯಿರಿ.

ಇಷ್ಟಾದರೂ ಕಹಿಯಿದ್ದರೆ ಗಿಡದ ಮೇಲೇ ಅನುಮಾನ. ಫೋಟೊ ನೋಡದೆ ಖಚಿತವಾಗಿ ಹೇಳಲಾರೆ. ಎಲೆ ಮುರಿದಾಗ ಲೋಳೆಯ ಬದಲು ಬಿಗಿ ನಾರು ಸಿಕ್ಕರೆ ಅದು ಬೇಲಿ ಕತ್ತಾಳೆ ಇರಬಹುದು, ಬಾಯಿಗಿಡಬೇಡಿ. ಬಸುರಿಯರಿಗೆ ಈ ಪಾನೀಯ ಬೇಡವೇ ಬೇಡ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿಯೇ ಕುಡಿಯಲಿ.