ನದಿಯಾಚೆಯ ಸ್ಕ್ಯಾನರ್ ಮತ್ತು ತಲಪಾಡಿಯ ಅಭ್ಯಾಸ

ಕೆನಡಾದ ವಿಂಡ್ಸರಿಗೆ ಬಂದು ಮೂರು ತಿಂಗಳಾಯಿತೆಂದೂ, ನದಿಯಾಚೆಯ ಅಮೆರಿಕದ ಡೆಟ್ರಾಯಿಟಿನಲ್ಲಿ ರೇಡಿಯೊ ಸ್ಕ್ಯಾನರುಗಳಿಗೆ (ಪೊಲೀಸರು, ಹಡಗು, ವಿಮಾನಗಳವರ ನಿಸ್ತಂತು ಮಾತನ್ನು ಹಿಡಿದು ಕೇಳಿಸುವ ಯಂತ್ರಗಳಿಗೆ) ಬೆಲೆ ಕಡಿಮೆಯೆಂದು ಕೇಳಿದ್ದೇನೆಂದೂ ಬರೆದಿದ್ದೀರಿ. ಅಲ್ಲಿಂದ ಒಂದನ್ನು ಕೊಂಡು ತರಬಹುದೇ, ಮುಂದಿನ ರಜೆಯಲ್ಲಿ ಅದನ್ನು ಬದಿಯಡ್ಕದ ಮನೆಗೂ ಒಯ್ಯಬಹುದೇ ಎಂಬುದು ನಿಮ್ಮ ಪ್ರಶ್ನೆ. ಆ ನದಿಯ ದಡದಲ್ಲಿ ಹದಿನೆಂಟು ವರ್ಷ ಕಳೆದ ನಾನು ಸದ್ಯ ರಜೆಯಲ್ಲಿ ಕುಂಬಳೆಗೆ ಬಂದಿದ್ದು, ಮನೆಯ ಜಗಲಿಯಲ್ಲಿ ಕುಳಿತು ಈ ಉತ್ತರ ಬರೆಯುತ್ತಿದ್ದೇನೆ. ಕೆನಡಾಕ್ಕೆ ತರುವುದಕ್ಕೆ ಅಡ್ಡಿಯಿಲ್ಲ, ಆದರೆ ಮೊದಲ ವರ್ಷವೇ ತರುವುದು ಬೇಡ, ಊರಿಗಂತೂ ಒಯ್ಯಲೇಬೇಡಿ.

ನಾವು ಕಾಸರಗೋಡಿನವರು ಗಡಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಬೆಳೆದವರು. ಬಟ್ಟೆಯೋ ಮಿಕ್ಸಿಯೋ ಬೇಕಾದರೆ ಮಂಗಳೂರಿನ ಬಸ್ಸು ಹತ್ತಿ ರಾಜ್ಯದ ಗಡಿಯಾದ ತಲಪಾಡಿ ದಾಟಿ ಹೋಗಿ, ಸಂಜೆಯ ಹೊತ್ತಿಗೆ ಕೈಚೀಲ ತುಂಬಿಸಿಕೊಂಡು ಹಿಂತಿರುಗುತ್ತಿದ್ದೆವು. ವಿಂಡ್ಸರಿನಲ್ಲಿ ಈ ಅಭ್ಯಾಸವೇ ನಮ್ಮನ್ನು ಮೋಸಗೊಳಿಸುತ್ತದೆ. ಅಲ್ಲಿ 1929ರ ಅಂಬಾಸಡರ್ ಸೇತುವೆಯೂ 1930ರ ಸುರಂಗವೂ ಇವೆ, 2025ರವರೆಗೆ ಸುರಂಗದೊಳಗೆ ಬಸ್ಸೂ ಓಡುತ್ತಿತ್ತು. ಅಮೆರಿಕಕ್ಕೆ ಹೋಗಲು ಕೆನಡಾದಿಂದ ಉತ್ತರಕ್ಕೆ ಪ್ರಯಾಣಿಸಬೇಕಾದ ವಿಚಿತ್ರ ಊರು ಅದು. ಆದರೆ ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಕೆನಡಾದ ಪರ್ಮಿಟ್ ಒಂದೇ ಸಾಲದು, ಅಮೆರಿಕದ ವೀಸಾ ಪ್ರತ್ಯೇಕವಾಗಿ ಬೇಕು. ಒಂದು ಸ್ಕ್ಯಾನರಿನ ಬೆಲೆಯಲ್ಲಿ ಉಳಿಯುವ ಹಣಕ್ಕಾಗಿ ವೀಸಾ ಶುಲ್ಕ ಕಟ್ಟಿ ಸಂದರ್ಶನಕ್ಕೆ ಅಲೆಯುವುದು, ಕೋಳಿಗಿಂತ ಮಸಾಲೆಗೇ ಹೆಚ್ಚು ಖರ್ಚು ಮಾಡಿದಂತೆ.

ನನ್ನ ಮೊದಲ ಸ್ಕ್ಯಾನರಿನ ಕಥೆಯನ್ನೇ ಹೇಳುತ್ತೇನೆ. ಬೆಳಿಗ್ಗೆ ಸುರಂಗದ ಬಸ್ಸಿನಲ್ಲಿ ಹೋಗಿ, ಡೆಟ್ರಾಯಿಟ್ ಇರುವ ಮಿಷಿಗನ್ ರಾಜ್ಯದ ಶೇಕಡ 6ರ ಮಾರಾಟ ತೆರಿಗೆಯನ್ನೂ ತೆತ್ತು ಕೊಂಡು, ಮಧ್ಯಾಹ್ನವೇ ಮರಳಿದೆ. ಕೆನಡಾದ ನಿವಾಸಿಯೊಬ್ಬನು 24 ಗಂಟೆಗಿಂತ ಕಡಿಮೆ ಹೊತ್ತು ಹೊರಗಿದ್ದು ಬಂದರೆ ಅವನಿಗೆ ಯಾವ ತೆರಿಗೆ ವಿನಾಯಿತಿಯೂ ಇಲ್ಲವೆಂಬುದು ನನಗೆ ಆಗ ತಿಳಿದಿರಲಿಲ್ಲ. 24 ಗಂಟೆ ಕಳೆದಿದ್ದರೆ 200 ಕೆನಡಿಯನ್ ಡಾಲರುಗಳವರೆಗೆ, 48 ಗಂಟೆ ಕಳೆದಿದ್ದರೆ 800 ಡಾಲರುಗಳವರೆಗೆ ವಿನಾಯಿತಿ ಇರುತ್ತದೆ. ಅದರಲ್ಲಿಯೂ 200ರ ಮಿತಿಯನ್ನು ಒಂದು ಡಾಲರು ಮೀರಿದರೂ ಪೂರ್ತಿ ಬೆಲೆಯ ಮೇಲೆ ತೆರಿಗೆ ಬೀಳುತ್ತದೆ. ನಾನು ರಸೀದಿ ತೋರಿಸಿ ವಿಂಡ್ಸರ್ ಇರುವ ಒಂಟಾರಿಯೊ ಪ್ರಾಂತದ ಶೇಕಡ 13ರ ತೆರಿಗೆಯನ್ನು ಕಟ್ಟಿ ಹೊರಬಂದಾಗ, ಬೆಲೆಯ ಅಂತರವೆಲ್ಲ ಕರಗಿಹೋಗಿತ್ತು. (ರಸೀದಿಯನ್ನು ಅಡಗಿಸುವ ಯೋಚನೆ ಮಾಡಬೇಡಿ, ನಿಮ್ಮದು ಇನ್ನೂ ತಾತ್ಕಾಲಿಕ ಪರ್ಮಿಟ್.) ಆರು ತಿಂಗಳಾದ ಮೇಲೆ ಅದರ ಪರದೆ ಕೆಟ್ಟಿತು. ಅಮೆರಿಕದಲ್ಲಿ ಮಾರಿದ ಸಾಮಾನಿನ ವಾರಂಟಿಯನ್ನು ಕೆನಡಾದಲ್ಲಿ ನಡೆಸಿಕೊಡುವುದಿಲ್ಲವೆಂದು ಕಂಪನಿಯವರು ತಿಳಿಸಿದರು. ನದಿಯ ಈಚೆಗೇ ಕೊಂಡಿದ್ದರೆ ಅಂಗಡಿಯವನ ಮೇಜಿನ ಮೇಲಿಟ್ಟು ಬರುವಷ್ಟರಲ್ಲಿ ಮುಗಿಯುತ್ತಿದ್ದ ಕೆಲಸ ಅದು.

ಹಳೆಯ ಯಂತ್ರವನ್ನು ಕೊಳ್ಳುವುದಾದರೆ ಇನ್ನೊಂದು ವಿಷಯ ತಿಳಿದಿರಬೇಕು. ಮೊಬೈಲ್ ಫೋನುಗಳು ಅನಲಾಗ್ (ಮಾತನ್ನು ಅಂಕಿಗಳಾಗಿಸದೆ ನೇರವಾಗಿ ತರಂಗದಲ್ಲಿ ಕಳಿಸುವ ಕ್ರಮ) ಆಗಿದ್ದ ಕಾಲದಲ್ಲಿ, ಅವುಗಳ ತರಂಗವನ್ನು ಹಿಡಿಯಬಲ್ಲ ಸ್ಕ್ಯಾನರಿನಲ್ಲಿ ಇತರರ ಮಾತು ಕೇಳಿಬಿಡುತ್ತಿತ್ತು. ಅಮೆರಿಕವು 1986ರ ಕಾಯಿದೆಯಿಂದ ಹಾಗೆ ಕೇಳುವುದನ್ನು ನಿಷೇಧಿಸಿತು. ಬಳಿಕ 1994ರ ಏಪ್ರಿಲ್ 26ರಿಂದ, 800 ಮೆಗಾಹರ್ಟ್ಸ್ ಆಸುಪಾಸಿನ ಆ ಫೋನ್ ತರಂಗಪಟ್ಟಿಯನ್ನು ಹಿಡಿಯಬಲ್ಲ ಸ್ಕ್ಯಾನರುಗಳನ್ನು ತಯಾರಿಸುವುದನ್ನೂ ಆಮದು ಮಾಡುವುದನ್ನೂ ನಿಲ್ಲಿಸಿತು. ಕೆನಡಾದಲ್ಲಿ ಆಗ ಅಂತಹ ತಡೆ ಇರಲಿಲ್ಲವಾದ್ದರಿಂದ 'ಕೆನಡಾ ಮಾಡೆಲ್' ಎಂಬ ಮಾತಿಗೇ ನದಿಯಾಚೆ ಒಂದು ಬೆಲೆ ಬಂತು, ಮತ್ತು ಅದನ್ನು ಆ ಕಡೆಗೆ ದಾಟಿಸುವುದು ಅಪರಾಧವಾಯಿತು. ಅಮೆರಿಕದ ದೊಡ್ಡ ಕಂಪನಿಗಳು 2008ರಲ್ಲಿ ಅನಲಾಗ್ ಜಾಲವನ್ನು ಮುಚ್ಚಿದ ಮೇಲೆ ಆ ತರಂಗಪಟ್ಟಿಯಲ್ಲಿ ಸ್ಕ್ಯಾನರಿಗೆ ದಕ್ಕುವ ಮಾತೇ ಉಳಿದಿಲ್ಲ. ಆದರೂ ಹಳೆಯ ಹೆಸರಿನ ಬಲದಿಂದ ಹೆಚ್ಚು ಹಣ ಕೇಳುವವರಿದ್ದಾರೆ. ಕೊಡಬೇಡಿ.

ಇನ್ನು ಪೊಲೀಸರ ಸಂಭಾಷಣೆ. ಹೊಸಬರೆಲ್ಲ ಆಸೆಪಡುವುದು ಅದಕ್ಕೇ. ಮಿಷಿಗನ್ನಿನ ರಾಜ್ಯವ್ಯಾಪಿ ಜಾಲವು ಪಿ25 ಎಂಬ ಡಿಜಿಟಲ್ ಕ್ರಮದಲ್ಲಿದೆ. ಹಲವು ಗೋಪುರಗಳು ಒಂದೇ ತರಂಗವನ್ನು ಏಕಕಾಲಕ್ಕೆ ಬಿಟ್ಟಾಗ ಸಾಧಾರಣ ಸ್ಕ್ಯಾನರಿನಲ್ಲಿ ಮಾತು ತುಂಡುತುಂಡಾಗಿ ಒಡೆಯುತ್ತದೆ. 2018ರಲ್ಲಿ ಬಂದ ಯುನಿಡೆನ್ ಎಸ್‌ಡಿಎಸ್100 ಈ ತೊಂದರೆಯನ್ನು ಬಹುಮಟ್ಟಿಗೆ ನಿವಾರಿಸಿತಾದರೂ ಅದರ ಬೆಲೆ ವಿದ್ಯಾರ್ಥಿಯ ಕೈಗೆ ನಿಲುಕುವಂಥದ್ದಲ್ಲ. ಅದಕ್ಕಿಂತ ಮುಖ್ಯವಾಗಿ, ಎರಡೂ ದೇಶಗಳ ಅನೇಕ ಪೊಲೀಸ್ ಇಲಾಖೆಗಳು ಎನ್‌ಕ್ರಿಪ್ಷನ್‌ಗೆ (ಮಾತನ್ನು ಹೊರಗಿನವರಿಗೆ ಅರ್ಥವಾಗದಂತೆ ಗೂಢವಾಗಿಸುವ ಕ್ರಮಕ್ಕೆ) ಹೋಗಿವೆ, ಮತ್ತು ಎನ್‌ಕ್ರಿಪ್ಟ್ ಆದ ಮಾತನ್ನು ಬಿಡಿಸಬಲ್ಲ ಸ್ಕ್ಯಾನರು ಯಾವ ದಡದ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಕೇಳಿಸಿದ್ದರ ವಿಷಯದಲ್ಲಿಯೂ ಎಚ್ಚರ ಬೇಕು: ಕೆನಡಾದ ರೇಡಿಯೊ ಸಂಪರ್ಕ ಕಾಯಿದೆಯ 9ನೆಯ ಕಲಮಿನ ಪ್ರಕಾರ, ನಿಮಗಾಗಿ ಅಲ್ಲದ ಸಂದೇಶವನ್ನು ಹಿಡಿದು ಇನ್ನೊಬ್ಬರಿಗೆ ತಿಳಿಸುವುದಾಗಲಿ ಅದರಿಂದ ಪ್ರಯೋಜನ ಪಡೆಯುವುದಾಗಲಿ ತಪ್ಪು. ಕೇಳಿದ್ದನ್ನು ರೂಮಿನ ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕುವುದೂ ಅದರಲ್ಲಿ ಸೇರುತ್ತದೆ. ಬಫೆಲೊ ಕಡೆಯಿಂದ ಕೊಂಡು ತರುವವರು ನ್ಯೂಯಾರ್ಕ್ ರಾಜ್ಯದಲ್ಲಿ ಪೊಲೀಸ್ ತರಂಗ ಹಿಡಿಯುವ ಯಂತ್ರವನ್ನು ಅನುಮತಿಯಿಲ್ಲದೆ ಕಾರಿಗೆ ಅಳವಡಿಸುವಂತಿಲ್ಲವೆಂಬುದನ್ನೂ ನೆನಪಿಡಬೇಕು.

ನನ್ನನ್ನು ಇಷ್ಟು ವರ್ಷ ಹಿಡಿದಿಟ್ಟಿರುವುದು ಪೊಲೀಸರಲ್ಲ, ಹಡಗುಗಳು. ಡೆಟ್ರಾಯಿಟ್ ನದಿಯಲ್ಲಿ ಅದಿರು ಹೊತ್ತ ಉದ್ದನೆಯ ಹಡಗುಗಳು ಹಾದುಹೋಗುವಾಗ 156ರಿಂದ 162 ಮೆಗಾಹರ್ಟ್ಸ್ ನಡುವೆ ನಾವಿಕರ ಮಾತು ಸರಾಗವಾಗಿ ಕೇಳಿಸುತ್ತದೆ. ಕರೆಗೂ ಅಪಾಯದ ಸೂಚನೆಗೂ ಮೀಸಲಾದ 16ನೆಯ ಚಾನೆಲ್ಲು 156.8ರಲ್ಲಿದೆ. ಮೀನುಗಾರರ ದೋಣಿಗಳನ್ನು ಸಮುದ್ರದ ಅಂಚಿನಿಂದ ನೋಡುತ್ತ ಬೆಳೆದ ನನಗೆ, ಚಳಿಗಾಲದ ರಾತ್ರಿ ಕಿಟಕಿಯಾಚೆ ಕಾಣದ ಹಡಗಿನ ಕ್ಯಾಪ್ಟನ್ ತನ್ನ ಜಾಗವನ್ನು ಹೇಳುವುದು ಕೇಳಿಸಿದರೆ ಒಂಟಿತನ ಒಂದಿಷ್ಟು ಕಡಿಮೆಯಾಗುತ್ತಿತ್ತು. ವಿಮಾನಗಳು 118ರಿಂದ 137ರಲ್ಲಿ, ರೈಲುಗಳು 160–161ರಲ್ಲಿ ಮಾತಾಡುತ್ತವೆ. ಇವೆಲ್ಲ ಹೆಚ್ಚಾಗಿ ಅನಲಾಗ್ ಆಗಿರುವುದರಿಂದ ಅಗ್ಗದ ಹಳೆಯ ಸ್ಕ್ಯಾನರೇ ಸಾಕು, ಮತ್ತು ಅದು ವಿಂಡ್ಸರಿನಲ್ಲಿಯೇ ಸಿಗುತ್ತದೆ.

ಬದಿಯಡ್ಕಕ್ಕೆ ಒಯ್ಯುವ ವಿಚಾರ ಮಾತ್ರ ಪೂರ್ತಿ ಕೈಬಿಡಿ. ನನ್ನ ತಂದೆಯ ಕಪಾಟಿನಲ್ಲಿ ಇಂದಿಗೂ ಒಂದು ರೇಡಿಯೊ ಲೈಸೆನ್ಸ್ ಪುಸ್ತಕವಿದೆ; ವಾರ್ತೆ ಕೇಳುವ ಪೆಟ್ಟಿಗೆಗೂ ಅಂಚೆ ಕಚೇರಿಯಲ್ಲಿ ವರ್ಷವರ್ಷ ಹಣ ಕಟ್ಟಬೇಕಾಗಿದ್ದ ಕಾಲದ್ದು. ಮನೆಯ ರೇಡಿಯೊಗೆ ಆ ಲೈಸೆನ್ಸ್ ಎಂದೋ ಹೋಯಿತು, ಆದರೆ ನಿಸ್ತಂತು ಯಂತ್ರವನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳಬಾರದೆಂಬ 1933ರ ಕಾಯಿದೆಯ ನಿಲುವು ಅದರ ಸ್ಥಾನಕ್ಕೆಂದು ರೂಪಿಸಿದ 2023ರ ದೂರಸಂಪರ್ಕ ಕಾಯಿದೆಯಲ್ಲಿಯೂ ಉಳಿದಿದೆ. ಗಲ್ಫಿನಿಂದ ಬರುವವರು ಟು ಇನ್ ಒನ್ (ರೇಡಿಯೊ, ಟೇಪ್ ಎರಡೂ ಇರುವ ಪೆಟ್ಟಿಗೆ) ತಂದಂತೆ ಇದನ್ನು ತರಲಾಗದು; ಕರಾವಳಿಯ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗೆ ಪೊಲೀಸ್ ತರಂಗ ಹಿಡಿಯುವ ಯಂತ್ರವನ್ನು ಹವ್ಯಾಸವೆಂದು ವಿವರಿಸಿ ಬಿಡಿಸಿಕೊಳ್ಳುವುದು ಸುಲಭವಲ್ಲ. ಊರಿನಲ್ಲಿಯೂ ಈ ಹವ್ಯಾಸ ಬೇಕೆನಿಸಿದರೆ ಪರೀಕ್ಷೆ ಬರೆದು ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಪಡೆಯುವುದೇ ನೇರವಾದ ದಾರಿ.

ನಾನು ಸೆಪ್ಟೆಂಬರಿನಲ್ಲಿ ಮರಳುತ್ತೇನೆ. ಪರದೆ ಕೆಟ್ಟ ಆ ಹಳೆಯ ಯಂತ್ರವನ್ನು ಬಳಿಕ ನಾನೇ ರಿಪೇರಿ ಮಾಡಿಟ್ಟಿದ್ದೇನೆ; ಹಡಗು, ವಿಮಾನಗಳಿಗೆ ಅದು ಚೆನ್ನಾಗಿಯೇ ನಡೆಯುತ್ತದೆ. ಒಂದು ಚಳಿಗಾಲ ನೀವೇ ಇಟ್ಟುಕೊಳ್ಳಿ. ಆಂಟೆನಾ ಒಂದನ್ನು ಮಾತ್ರ ವಿಂಡ್ಸರಿನಲ್ಲಿ ಕೊಂಡು, ನದಿಯ ಕಡೆಗಿನ ಕಿಟಕಿಗೆ ಕಟ್ಟಿಡಿ.