ಹಳೆಯ ಸರ್ಫೇಸ್ ಗ್ರೈಂಡರ್: ಸೊನ್ನೆ ತೋರಿಸುವ ಡಯಲ್ ನೋಡಿ ದುಡ್ಡು ಕೊಡಬೇಡಿ

ನೀವು ಕೇಳಿದ್ದು ಇಷ್ಟು: ತುಮಕೂರಿನ ಮನೆಯ ಹಿಂದಿನ ಶೆಡ್ಡಿನಲ್ಲಿ ಸಣ್ಣ ವರ್ಕ್‌ಶಾಪ್ ಇದೆ, ಚಾಕು, ವೈಸ್, ಪುಟ್ಟ ಟೂಲ್‌ಗಳನ್ನು ಮಾಡುತ್ತೀರಿ. ಪೀಣ್ಯದಲ್ಲಿ ಮುಚ್ಚಿಹೋದ ಒಂದು ಟೂಲ್‌ರೂಮಿನ 6×18 ಇಂಚಿನ, ಟೇಬಲನ್ನು ಕೈಯಿಂದ ಓಡಿಸುವ ಸರ್ಫೇಸ್ ಗ್ರೈಂಡರ್ (ತಿರುಗುವ ಸಾಣೆ ವೀಲಿನ ಕೆಳಗೆ ಲೋಹದ ತುಂಡನ್ನು ಓಡಿಸಿ ಸಪಾಟು ಮಾಡುವ ಮಷಿನ್) ಗುಜರಿ ಬೆಲೆಗಿಂತ ಸ್ವಲ್ಪ ಹೆಚ್ಚಿಗೆ ಸಿಗುತ್ತಿದೆ. ಮನೆಯಲ್ಲಿರುವುದು ಸಿಂಗಲ್ ಫೇಸ್. ಕೊಳ್ಳಬಹುದೇ, ಕೊಂಡರೆ ಸರಿಮಾಡಿಕೊಳ್ಳಲು ಆಗುತ್ತದೆಯೇ?

ಆಗುತ್ತದೆ. ರಾಜಾಜಿನಗರದ ಟೂಲ್‌ರೂಮಿನಲ್ಲಿ ಕೆಲಸ ಕಲಿತವನು ನಾನು. ನಿವೃತ್ತಿಯ ಮೇಲೆ ಮನೆಗೆಂದು ಇಂಥದ್ದೇ ಒಂದನ್ನು ತಂದೆ. ನೋಡಲು ಹೋದ ದಿನ ನಾನು ಮಾಡಿದ ಒಂದು ತಪ್ಪನ್ನು ನೀವು ಮಾಡಬಾರದು ಅಂತ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಡಯಲನ್ನು (ಸಣ್ಣ ಏರಿಳಿತವನ್ನೂ ಮುಳ್ಳಿನಲ್ಲಿ ತೋರಿಸುವ ಗೇಜ್) ವೀಲನ್ನು ಹಿಡಿದಿರುವ ಹೆಡ್ಡಿಗೆ ಕಟ್ಟಿ, ಅದರ ತುದಿಯನ್ನು ಮ್ಯಾಗ್ನೆಟಿಕ್ ಚಕ್ಕಿನ (ಟೇಬಲ್ ಮೇಲೆ ಕೆಲಸದ ತುಂಡನ್ನು, ಅಂದರೆ ಜಾಬನ್ನು, ಅಯಸ್ಕಾಂತದಿಂದ ಹಿಡಿಯುವ ಪೀಠ) ಮೇಲೆ ಇಟ್ಟು, ಟೇಬಲನ್ನು ಈ ತುದಿಯಿಂದ ಆ ತುದಿಗೆ ಓಡಿಸಿದೆ. ಮುಳ್ಳು ಅಲ್ಲಾಡಲಿಲ್ಲ. ಮಷಿನ್ ಚೆನ್ನಾಗಿದೆ ಎಂದುಕೊಂಡು ಅಲ್ಲೇ ಮುಂಗಡ ಕೊಟ್ಟೆ. ಮನೆಗೆ ತಂದು 300 ಮಿ.ಮೀ. ಉದ್ದದ ತುಂಡೊಂದನ್ನು ಹೊಡೆದು (ಅಂದರೆ ಗ್ರೈಂಡ್ ಮಾಡಿ), ಸಪಾಟು ಪರೀಕ್ಷಿಸುವ ಸರ್ಫೇಸ್ ಪ್ಲೇಟ್ ಮೇಲಿಟ್ಟು ನೋಡಿದರೆ ನಡುವೆ 20 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ತಗ್ಗು. ವೀಲ್ ಬದಲಿಸಿದೆ, ಕಟ್ ಕಡಿಮೆ ಮಾಡಿದೆ. ತಗ್ಗು ಹೋಗಲಿಲ್ಲ. ಕೊನೆಗೆ ಪರಿಚಯದ ಹಿರಿಯ ಸ್ಕ್ರೇಪಿಂಗ್ ಫಿಟ್ಟರ್ (ಲೋಹವನ್ನು ಕೈಯಿಂದ ಕೆರೆದು ನೇರ ಮಾಡುವವರು) ಒಬ್ಬರನ್ನು ಕರೆತಂದೆ. ನಾನು ಮಾಡಿದ ಪರೀಕ್ಷೆಯನ್ನು ಕೇಳಿ ಅವರು ಹೇಳಿದ್ದು: "ಆ ಚಕ್ಕನ್ನ ಹೊಡೆದಿದ್ದು ಯಾವ ಮಷಿನ್ನು ಹೇಳಿ? ಇದೇ. ಅದು ಹೇಗೆ ಓಡುತ್ತೋ ಹಾಗೇ ಚಕ್ಕನ್ನೂ ಕೊರೆದಿರುತ್ತೆ. ಡಯಲ್ಲು ಸೊನ್ನೆ ತೋರಿಸದೆ ಇನ್ನೇನು ತೋರಿಸುತ್ತೆ ಸ್ವಾಮಿ?"

ಬೆಡ್ಡಿನ ಸ್ಲೈಡು, ಅಂದರೆ ಟೇಬಲ್ ಓಡುವ ಹಳಿ, ಸವೆಯುವುದು ನಡುಭಾಗದಲ್ಲಿ, ಏಕೆಂದರೆ ಹೆಚ್ಚಿನ ಕೆಲಸ ನಡೆಯುವುದು ಅಲ್ಲೇ. ಹಾಗೆ ಸವೆದ ಬೆಡ್ಡಿನ ಮೇಲೆ ಟೇಬಲ್ ನೇರವಾಗಿ ಹೋಗದೆ ತೊಟ್ಟಿಲಿನಂತೆ ತೂಗುತ್ತದೆ. ವೀಲ್ ಇದ್ದಲ್ಲೇ ಇರುವುದರಿಂದ ಜಾಬಿನ ನಡುವೆ ತಗ್ಗು ಬೀಳುತ್ತದೆ. ಚಕ್ಕಿನಲ್ಲೂ ಅದೇ ತಗ್ಗು ಇರುವಾಗ ಒಂದು ಇನ್ನೊಂದನ್ನು ಮುಚ್ಚಿಹಾಕುತ್ತದೆ.

ಹಾಗಾಗಿ ಆ ಮಷಿನಿನಲ್ಲಿ ಹೊಡೆಯದ, ನೇರವೆಂದು ಖಾತ್ರಿಯಿರುವ ವಸ್ತುವೊಂದನ್ನು ಜೊತೆಗೆ ಒಯ್ಯಿರಿ. ಪರಿಚಯದ ಟೂಲ್‌ರೂಮ್ ಇದ್ದರೆ ಗ್ರಾನೈಟ್ ಸ್ಟ್ರೇಟ್ ಎಡ್ಜ್ ಒಂದನ್ನು ಅರ್ಧ ದಿನಕ್ಕೆ ಕೇಳಿ ತನ್ನಿ. ಚಕ್ಕಿನ ಮೇಲೆ ಸಮ ಎತ್ತರದ ಎರಡು ತುಂಡುಗಳ ಮೇಲೆ ಅದನ್ನು ಕೂರಿಸಿ, ಎರಡೂ ತುದಿಯಲ್ಲಿ ಡಯಲ್ ಸೊನ್ನೆಗೆ ತಂದು, ಆಮೇಲೆ ಟೇಬಲ್ ಓಡಿಸಿ. ನಡುವೆ ಮುಳ್ಳು ಎಷ್ಟು ಸರಿಯಿತೋ ಅಷ್ಟು ಬೆಡ್ಡಿನ ಸವೆತದ ಲೆಕ್ಕ. ಮಾರುವವರು ಒಪ್ಪಿದರೆ ಟೇಬಲನ್ನು ಎತ್ತಿಸಿಯೂ ನೋಡಿ. ಸಣ್ಣ ಗ್ರೈಂಡರ್‌ಗಳಲ್ಲಿ ಸಾಮಾನ್ಯವಾಗಿ ಅದು ತನ್ನ ಭಾರದಿಂದಲೇ ಕೂತಿರುತ್ತದೆ. ಸ್ಲೈಡಿನ ತುದಿಗಳಲ್ಲಿ ಸ್ಕ್ರೇಪಿಂಗಿನ ಅರ್ಧಚಂದ್ರದ ಗುರುತು ಉಳಿದಿದ್ದು, ನಡುವೆ ಮಾತ್ರ ಕನ್ನಡಿಯಂತೆ ನುಣುಪಾಗಿದ್ದರೆ ಕಥೆ ಅಲ್ಲೇ ಗೊತ್ತಾಗುತ್ತದೆ. ಹೊಸ ಬಣ್ಣಕ್ಕೆ ಬೆಲೆ ಕೊಡಬೇಡಿ.

ತಗ್ಗು ಕಂಡಿತು ಅಂತ ಬಿಟ್ಟು ಬರಬೇಕಿಲ್ಲ. ಅದು ಉದ್ದದ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ: 300 ಮಿ.ಮೀ.ಗೆ 20 ಮೈಕ್ರಾನ್ ಇದ್ದರೆ, 100 ಮಿ.ಮೀ.ಗೆ ಅದರ ಒಂಬತ್ತನೇ ಒಂದು ಭಾಗ, ಅಂದರೆ ಎರಡು ಮೈಕ್ರಾನಿನ ಆಸುಪಾಸು. ನಿಮ್ಮ ಕೆಲಸವೆಲ್ಲ ಅಂಗೈ ಉದ್ದದ್ದಾದರೆ ಅಂಥ ಮಷಿನ್ ವರ್ಷಗಟ್ಟಲೆ ನಡೆಯುತ್ತದೆ. ಬೆಲೆ ಇಳಿಸಲು ಮಾತ್ರ ಆ ತಗ್ಗನ್ನು ತೋರಿಸಿ.

ಸ್ಪಿಂಡಲ್, ಅಂದರೆ ವೀಲನ್ನು ತಿರುಗಿಸುವ ದಂಡದ ವಿಷಯದಲ್ಲಿ ನಾನು ಇಷ್ಟು ಉದಾರಿಯಲ್ಲ. ನಿಖರ ದರ್ಜೆಯ ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗಿನ ಜೋಡಿ ದುಬಾರಿ, ಅದನ್ನು ಕೂರಿಸುವ ಕೈ ಸಿಗುವುದು ಇನ್ನೂ ಕಷ್ಟ. ವೀಲ್ ಬಿಚ್ಚಿಸಿ ಟೇಪರಿನ ಮೇಲೆ ಲಿವರ್ ಡಯಲ್ ಇಟ್ಟು ಕೈಯಿಂದ ನಿಧಾನವಾಗಿ ತಿರುಗಿಸಿ. ಎರಡು-ಮೂರು ಮೈಕ್ರಾನ್ ಆದರೆ ಸಂತೋಷ, ಐದು ದಾಟಿದರೆ ಯೋಚಿಸಿ. ಹಿಂದೆ-ಮುಂದೆ ಎಳೆದು ಪ್ಲೇ (ಸಡಿಲ) ಇದೆಯೇ ನೋಡಿ. ಆಮೇಲೆ ಅರ್ಧ ಗಂಟೆ ಓಡಿಸಿ ಹೌಸಿಂಗ್ ಮುಟ್ಟಿ: ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾದರೆ ಬೇಡ.

ಮೋಟಾರು ಮೂರು ಫೇಸಿನದಾದರೂ ಸಿಂಗಲ್ ಫೇಸ್ ದೊಡ್ಡ ಅಡ್ಡಿಯಲ್ಲ, ವಿಎಫ್‌ಡಿ (ಸಿಂಗಲ್ ಫೇಸಿನಿಂದ ಮೂರು ಫೇಸ್ ಮಾಡಿಕೊಡುವ, ಫ್ರೀಕ್ವೆನ್ಸಿ ಬದಲಿಸಿ ಮೋಟಾರಿನ ವೇಗ ಹಿಡಿಯುವ ಪೆಟ್ಟಿಗೆ) ಹಾಕಿ. ಆದರೆ 230 ವೋಲ್ಟ್ ಸಿಂಗಲ್ ಫೇಸಿನಲ್ಲಿ ನಡೆಯುವ ವಿಎಫ್‌ಡಿ ಮೂರು ಫೇಸನ್ನೂ 230 ವೋಲ್ಟಿನಲ್ಲೇ ಕೊಡುತ್ತದೆ. ಮೋಟಾರು 415 ವೋಲ್ಟಿಗೆ ಸ್ಟಾರ್‌ನಲ್ಲಿದ್ದರೆ ಅದನ್ನು ಡೆಲ್ಟಾಕ್ಕೆ ಬದಲಿಸಬೇಕು (ಇವೆರಡೂ ಮೋಟಾರಿನೊಳಗಿನ ಸುರುಳಿಗಳನ್ನು ಜೋಡಿಸುವ ಬಗೆಗಳು). ಟರ್ಮಿನಲ್ ಬಾಕ್ಸಿನಲ್ಲಿ ಆರು ತುದಿಗಳಿದ್ದರೆ ಪಟ್ಟಿ ಬದಲಿಸುವಷ್ಟೇ ಕೆಲಸ. ಮೂರೇ ತಂತಿ ಇದ್ದರೆ ರಿವೈಂಡಿಂಗ್ ಅಂಗಡಿಯಲ್ಲಿ ಒಳಗಿನ ಸ್ಟಾರ್ ಗಂಟನ್ನು ಬಿಚ್ಚಿಸಿ ಆರೂ ತುದಿಗಳನ್ನು ಹೊರಗೆ ತರಿಸಿ. ಈಗಾಗಲೇ 415 ವೋಲ್ಟಿಗೆ ಡೆಲ್ಟಾದಲ್ಲಿರುವ ಮೋಟಾರಿಗೆ ಈ ದಾರಿ ಇಲ್ಲ. ವಿಎಫ್‌ಡಿಗೂ ಮೋಟಾರಿಗೂ ನಡುವೆ ಹಳೆಯ ಕಾಂಟ್ಯಾಕ್ಟರ್ ಉಳಿಸಬೇಡಿ, ಸ್ವಿಚ್ಚನ್ನು ವಿಎಫ್‌ಡಿಯ ಕಂಟ್ರೋಲ್ ಟರ್ಮಿನಲ್‌ಗೆ ಕೊಡಿ.

ಗರಿಷ್ಠ ಫ್ರೀಕ್ವೆನ್ಸಿಯನ್ನು 50 ಹರ್ಟ್ಸ್‌ಗೇ ಕಟ್ಟಿಹಾಕಿ. ಇದನ್ನು ಕೈಮುಗಿದು ಹೇಳುತ್ತೇನೆ. 200 ಮಿ.ಮೀ. ವೀಲ್ 2880 ಆರ್‌ಪಿಎಂನಲ್ಲಿ ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 30 ಮೀಟರ್. 60 ಹರ್ಟ್ಸ್ ಮಾಡಿದರೆ 36. ಸಾಧಾರಣ ವಿಟ್ರಿಫೈಡ್ ವೀಲ್‌ಗಳ ಮಿತಿ 33ರ ಸುಮಾರು. ಒಡೆದ ವೀಲಿನ ಚೂರು ಶೆಡ್ಡಿನ ತಗಡನ್ನೂ ಲೆಕ್ಕಿಸುವುದಿಲ್ಲ.

ಮಷಿನ್ ಜೊತೆ ಬಂದ ಹಳೆಯ ವೀಲ್ ಎಷ್ಟೇ ಚೆನ್ನಾಗಿ ಕಂಡರೂ ಬಳಸಬೇಡಿ, ಅದು ಎಲ್ಲಿ ಬಿದ್ದಿತ್ತೋ ಯಾರಿಗೆ ಗೊತ್ತು. ಬೆಂಗಳೂರಿನ ಎಸ್.ಜೆ.ಪಿ. ರೋಡಿನಲ್ಲಿ ಬಿಳಿ ಅಲ್ಯೂಮಿನಿಯಂ ಆಕ್ಸೈಡ್, 46 ಅಥವಾ 60 ಗ್ರಿಟ್ (ಕಣದ ಗಾತ್ರ), ಜೆ ಅಥವಾ ಕೆ ಗ್ರೇಡ್ (ವೀಲಿನ ಗಡಸುತನ) ಎಂದು ಕೇಳಿ. ಗಟ್ಟಿಮಾಡಿದ ಸ್ಟೀಲಿಗೆ ಮೆತ್ತನೆಯ ವೀಲೇ ಬೇಕು, ಮೊಂಡಾದ ಕಣಗಳು ಉದುರಿ ಹೊಸವು ಹೊರಬರಲಿ ಅಂತ. ಹಾಕುವ ಮುನ್ನ ಬೆರಳಿಗೆ ತೂಗುಹಾಕಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ನಾದ ಬರಬೇಕು, ಬಿರುಕುಬಿಟ್ಟ ಮಡಕೆಯ ಸದ್ದು ಬಂದರೆ ವಾಪಸ್ ಕೊಡಿ. ವೀಲಿನ ಎರಡೂ ಕಡೆ, ಅದಕ್ಕೂ ಅದನ್ನು ಬಿಗಿಯುವ ಫ್ಲ್ಯಾಂಜಿಗೂ ನಡುವೆ, ಕಾಗದದ ವಾಷರ್ ಮರೆಯಬೇಡಿ. ಗಾರ್ಡ್ ಹಾಕಿ, ಪಕ್ಕಕ್ಕೆ ನಿಂತು, ಒಂದು ನಿಮಿಷ ಸುಮ್ಮನೆ ಓಡಲು ಬಿಡಿ. ಕೂಲಂಟ್ ಬಳಸಿದ ದಿನ ಅದನ್ನು ಮೊದಲು ನಿಲ್ಲಿಸಿ, ವೀಲನ್ನು ಇನ್ನೂ ಕೆಲವು ನಿಮಿಷ ತಿರುಗಲು ಬಿಡಿ. ಇಲ್ಲದಿದ್ದರೆ ನೀರು ಕೆಳಭಾಗಕ್ಕೆ ಇಳಿದು ಮರುದಿನ ವೀಲ್ ಕುಣಿಯುತ್ತದೆ.

ನನ್ನ ಬೆಡ್ಡನ್ನು ಕೊನೆಗೆ ನಾವಿಬ್ಬರೂ ಸ್ಕ್ರೇಪ್ ಮಾಡಿದೆವು. ಸ್ಟ್ರೇಟ್ ಎಡ್ಜಿಗೆ ತೆಳುವಾಗಿ ಪ್ರಷ್ಯನ್ ಬ್ಲೂ ಬಳಿದು ಬೆಡ್ಡಿನ ಮೇಲೆ ಆಡಿಸಿದರೆ ಎತ್ತರದ ಜಾಗಕ್ಕೆ ಮಾತ್ರ ನೀಲಿ ಹತ್ತುತ್ತದೆ. ಆ ಚುಕ್ಕೆಗಳನ್ನು ಕಾರ್ಬೈಡ್ ಸ್ಕ್ರೇಪರಿನಿಂದ ಕೆರೆದು, ಒರೆಸಿ, ಮತ್ತೆ ನೀಲಿ. ಒಂದು ಸುತ್ತಿಗೆ ಹೋಗುವುದು ಕೆಲವೇ ಮೈಕ್ರಾನ್. ನಡುವಿನ ತಗ್ಗಿನ ಮಟ್ಟಕ್ಕೆ ಎರಡೂ ತುದಿಗಳನ್ನು ಇಳಿಸಿ, ಆಮೇಲೆ ಟೇಬಲಿನ ಅಡಿಯನ್ನು ಆ ಬೆಡ್ಡಿಗೇ ಹೊಂದಿಸಿದೆವು. ಮೂರು ತಿಂಗಳ ಭಾನುವಾರಗಳು ಹೋದವು. ಮೊದಲ ದಿನ ನಾನು ಕೆರೆದ ಜಾಗವನ್ನು ಅವರು ಬೆರಳ ತುದಿಯಲ್ಲಿ ಸವರಿ, ಏನೂ ಹೇಳದೆ ಸ್ಕ್ರೇಪರನ್ನು ಮತ್ತೆ ಸಾಣೆಗೆ ಹಿಡಿದು ನನ್ನ ಕೈಗಿತ್ತರು. ಮೊಂಡಾಗಿದ್ದದ್ದು ನನಗೆ ಗೊತ್ತೇ ಆಗಿರಲಿಲ್ಲ. ಎಲ್ಲ ಜೋಡಿಸಿದ ಮೇಲೆ ಚಕ್ಕನ್ನು ಆನ್ ಮಾಡಿಯೇ, ಐದೈದು ಮೈಕ್ರಾನಿನಂತೆ, ಅದರ ಮೇಲ್ಮೈಯನ್ನು ಹೊಸದಾಗಿ ಹೊಡೆದೆವು. ಅದೇ 300 ಮಿ.ಮೀ. ತುಂಡಿನಲ್ಲಿ ಈಗ ಮೂರು ಮೈಕ್ರಾನ್ ಬರುತ್ತದೆ.

ಸಾಗಿಸುವಾಗ ಟೇಬಲನ್ನು ಬಿಚ್ಚಿ ಕಂಬಳಿಯಲ್ಲಿ ಸುತ್ತಿ ಬೇರೆಯಾಗಿಯೇ ತನ್ನಿ. ಮೇಲಿಟ್ಟು ತಂದರೆ ಟೆಂಪೋದ ಪ್ರತಿ ಕುಲುಕಿಗೂ ಸ್ಲೈಡಿಗೆ ಪೆಟ್ಟು. ಮೋಟಾರಿನ ಪ್ಲೇಟಿನ ಫೋಟೋ ಮತ್ತು ಟರ್ಮಿನಲ್ ಬಾಕ್ಸ್ ತೆರೆದ ಫೋಟೋ ಇಲ್ಲಿ ಹಾಕಿದರೆ ಡೆಲ್ಟಾ ಆಗುತ್ತದೋ ಇಲ್ಲವೋ ನೋಡಿ ಹೇಳುತ್ತೇನೆ.